ಮೂರನೆಯ ಗುರುವಾರದ ಅಂಗಿ

ಕಳೆದ ತಿಂಗಳು ಎಂಟನೇ ತರಗತಿಯ ಮಕ್ಕಳನ್ನು ಬಾದಾಮಿಯ ಗುಹೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಬಾಗಲಕೋಟೆಗೆ ಮರಳುವಾಗ ಇಬ್ಬರು ಹುಡುಗಿಯರಿಗೆ ವಾಂತಿಯಾಗಿ ಕೆರೂರಿನಲ್ಲಿ ಬಸ್ಸು ನಿಲ್ಲಿಸಬೇಕಾಯಿತು. ಅವರ ಬೆನ್ನು ಸವರುತ್ತ ಕಿಟಕಿಯ ಪಕ್ಕ ಕೂತಿದ್ದೆ. ಅಷ್ಟರಲ್ಲಿ ಒಬ್ಬ ಫಕೀರ ಕೆಂಡದ ಬಟ್ಟಲು ಹಿಡಿದು, ನವಿಲುಗರಿ ಬೀಸುತ್ತ, ಅಂಗಡಿಯಿಂದ ಅಂಗಡಿಗೆ ಹೊಗೆ ಹಾಕುತ್ತ ಬಂದ. ಅಂದು ಗುರುವಾರ. ಲೋಬಾನದ ಹೊಗೆ ಬಸ್ಸಿನೊಳಗೆ ನುಗ್ಗಿತು. ಮಕ್ಕಳು ಮೂಗು ಮುಚ್ಚಿಕೊಂಡು ಕಿಸಕ್ಕನೆ ನಕ್ಕರು. ನಾನು ಮಾತ್ರ ಆ ಹುಡುಗಿಯರ ಬೆನ್ನು ಸವರುವುದನ್ನೇ ಮರೆತೆ. ಗಣಿತದ ಟೀಚರಿಗೆ ಏನಾಯಿತು ಎಂದು ಯಾರೂ ಕೇಳಲಿಲ್ಲ, ಸದ್ಯ. ಒಂಬತ್ತು ವರ್ಷದ ಹಿಂದಿನ ಒಂದು ಬೇಸಿಗೆ ಆ ಹೊಗೆಯೊಳಗೆ ಹಾಗೇ ಇತ್ತು.

ಆ ವರ್ಷ ನಾನು ಮದುವೆಯಾಗಿ ಇಳಕಲ್‌ನಿಂದ ಹುನಗುಂದಕ್ಕೆ ಬಂದಿದ್ದೆ. ದೂರವೇನಲ್ಲ, ಬಸ್ಸು ಹತ್ತಿ ಒಂದು ಪೊಟ್ಟಣ ಶೇಂಗಾ ತಿಂದು ಮುಗಿಸುವಷ್ಟರಲ್ಲಿ ಊರು ಬಂದಿರುತ್ತದೆ. ಬಿ.ಎಸ್ಸಿ., ಅದರ ಮೇಲೊಂದು ಬಿ.ಎಡ್. ಮುಗಿಸಿ ನೌಕರಿಯ ಆದೇಶಕ್ಕೆ ಕಾಯುತ್ತಿದ್ದೆ. ನನಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಕಡಿಮೆ ಎಂಬ ಸೊಕ್ಕು ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ. ಗಂಡನ ಮನೆಯವರು ನದಾಫರು, ಹತ್ತಿಯ ಹಾಸಿಗೆ, ಗಾದಿ ಮಾಡುವವರು. ನಮ್ಮ ಕಡೆ ನದಾಫರ ಮನೆಯೊಳಗಿನ ಮಾತೂ ಕನ್ನಡವೇ. ಮನೆಯ ಮುಂದೆ ಹತ್ತಿ ಹಿಂಜುವ ಮಶಿನ್ನು, ಹಿಂದೆ ಅಡುಗೆಮನೆ, ನಡುವೆ ತಗಡಿನ ಮಾಡಿನ ಉದ್ದನೆಯ ಪಡಸಾಲೆ. ಬೇಸಿಗೆಯೆಂದರೆ ಲಗ್ನದ ಕಾಲ, ಲಗ್ನವೆಂದರೆ ಹೊಸ ಗಾದಿ. ಬೆಳಿಗ್ಗೆಯಿಂದ ಮಶಿನ್ನು ಬಡಿದುಕೊಳ್ಳುತ್ತಿತ್ತು. ಹುಬ್ಬಿನಲ್ಲಿ ಹತ್ತಿ, ಬೇಳೆಯಲ್ಲಿ ಹತ್ತಿ, ಹೊಸ ಸೊಸೆಯ ಜರಿ ಸೀರೆಯ ಮೇಲೂ ಹತ್ತಿ.

ಗುರುವಾರ ಮಧ್ಯಾಹ್ನ ಮಾತ್ರ ಮಶಿನ್ನು ನಿಲ್ಲುತ್ತಿತ್ತು. ಪಡಸಾಲೆ ಗುಡಿಸಿ ಚಾಪೆ ಹಾಸುತ್ತಿದ್ದರು. ನನ್ನ ಅತ್ತೆ ಖಾಸೀಂಬಿ ಒಂದು ಕೌದಿಯ ಮೇಲೆ ಗೋಡೆಗೆ ಬೆನ್ನು ಹಚ್ಚಿ ಕೂತು, ಮುಖದ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಿದ್ದರು. ನಮ್ಮವರು, ಲಿಂಗಾಯತರು, ಕುರುಬರು, ನೇಕಾರರು, ಎಲ್ಲರೂ. ಹೊರಗೆ ಒಂದು ಬೋರ್ಡಿಲ್ಲ, ಒಳಗೆ ಕಾಯಿಲ್ಲ, ಕರ್ಪೂರವಿಲ್ಲ. ಒಂದು ಚಿಟಿಕೆ ಲೋಬಾನ, ಕೊನೆಗೆ ಎಲ್ಲರಿಗೂ ಅರ್ಧ ಕಪ್ಪು ಚಹಾ. ಅವರು ಬರುತ್ತಿದ್ದುದು ತೀರಿಕೊಂಡ ತಮ್ಮವರ ಜೊತೆ ಮಾತಾಡಲು. ಮಸೀದಿಯ ಹಿರಿಯರಿಗೆ ಇದು ಹಿಡಿಸುತ್ತಿರಲಿಲ್ಲ. ಎರಡು ಸಲ ಹೇಳಿ ಕಳಿಸಿದ್ದರು. ಮಾವನವರು ಆ ಹೊತ್ತಿಗೆ ಸರಿಯಾಗಿ ಯಾವುದೋ ಕೆಲಸ ನೆನಪಿಸಿಕೊಂಡು ಮನೆ ಬಿಡುತ್ತಿದ್ದರು. ನನ್ನ ಗಂಡ ರಫೀಕನಿಗೆ ಅವ್ವನೆದುರು ಬಾಯಿಯೇ ಇರಲಿಲ್ಲ.

ಅದಕ್ಕೊಂದು ಪದ್ಧತಿ ಇತ್ತು. ಯಾರನ್ನು ಕೇಳಬೇಕೋ ಅವರು ಉಟ್ಟು ತೊಟ್ಟ ಬಟ್ಟೆ ತರಬೇಕು. ಹೆಸರು ಹೇಳಬಾರದು, ಊರು ಹೇಳಬಾರದು, ಏನಾಯಿತೆಂದು ಹೇಳಬಾರದು. ಬಾಗಿಲಲ್ಲಿ ಒಬ್ಬರು ಬಟ್ಟೆ ಇಸಿದುಕೊಂಡು ಅತ್ತೆಯ ತೊಡೆಯ ಮೇಲಿಡಬೇಕು, ತುಟಿ ಬಿಚ್ಚಬಾರದು. ಸತ್ತವರು ಬಂದರೆ ಅತ್ತೆಯ ಬಾಯಿಂದ ಮಾತು ಬರುತ್ತಿತ್ತು. ಹಾಗೆ ಬಂದ ಸತ್ತವರ ಬಟ್ಟೆ ನಮ್ಮಲ್ಲೇ ಉಳಿಯುತ್ತಿತ್ತು. ಅತ್ತೆ ಅದರಿಂದ ಒಂದು ತುಂಡು ಕತ್ತರಿಸಿ, ತಾನು ಕೂರುವ ಆ ಕೌದಿಗೆ ಹೊಲಿಯುತ್ತಿದ್ದಳು. ಮೂರು ಗುರುವಾರ ಕೂತರೂ ಯಾರೂ ಬಾರದಿದ್ದರೆ ಆ ಮನುಷ್ಯ ಬದುಕಿದ್ದಾನೆಂದು ಲೆಕ್ಕ, ಬಟ್ಟೆ ಮಡಿಚಿ ವಾಪಸು. ನಾನು ಬಂದ ತಿಂಗಳೊಪ್ಪತ್ತಿನಲ್ಲಿ ಬಾಗಿಲಲ್ಲಿ ಬಟ್ಟೆ ಇಸಿದುಕೊಳ್ಳುವ ಕೆಲಸ ನನಗೆ ಬಿತ್ತು.

ನಾನು ನಂಬಲಿಲ್ಲ. ಬಟ್ಟೆ ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ, ಬಿಕ್ಕಿದ್ದು ಕೇಳಿದರೆ ಉಳಿದರ್ಧ ಎಂದುಕೊಂಡಿದ್ದೆ. ಒಮ್ಮೆ ಅತ್ತೆ ಗಾದಿಯ ಅಂಚು ಹೊಲಿಯುತ್ತಿದ್ದಾಗ ಕೇಳಿಯೇ ಬಿಟ್ಟೆ.

"ಅತ್ತಿ, ಖರೇ ಹೇಳ್ರಿ. ಆ ಮಾತು ನಿಮ್ಮವೋ, ಅವರವೋ?"

ದಬ್ಬಣ ಹಲ್ಲಲ್ಲಿ ಕಚ್ಚಿಕೊಂಡು ದಾರ ಎಳೆದಳು. "ನನಗೇನ್ ಗೊತ್ತಿರಂಗಿಲ್ಲಲ್ಲ ಹುಡುಗಿ. ಗೊತ್ತಿಲ್ಲದಾಗ ಬಂದ ಮಾತು ಅವರದು. ಗೊತ್ತಿದ್ದ ಬಂದ್ರ ಅದು ನಂದು."

ಹಾರಿಕೆಯ ಉತ್ತರ ಎಂದುಕೊಂಡೆ. ಓದಿದವಳಲ್ಲವೇ ನಾನು.

ಏಪ್ರಿಲ್ ಮುಗಿಯುವ ಹೊತ್ತಿಗೆ ಮೂವರು ಬಂದರು. ಮರೋಳದ ಕಡೆಯ ಒಂದು ಹಳ್ಳಿಯವರು, ಕುರಿ ಸಾಕುವ ಮನೆತನ, ಬೀರಪ್ಪ ದೇವರ ಒಕ್ಕಲು. ಮುಂದೆ ದ್ಯಾಮವ್ವ, ಅರವತ್ತರ ಹತ್ತಿರದವಳು, ಗಟ್ಟಿ ಹೆಜ್ಜೆ. ಹಿಂದೆ ಅವಳ ಸಣ್ಣ ಸೊಸೆ ಲಕ್ಕವ್ವ. ಅವಳ ಹಿಂದೆ ಲಕ್ಕವ್ವನ ಅಣ್ಣ ಹನಮಪ್ಪ. ಲಕ್ಕವ್ವನ ಕೈಯಲ್ಲಿ ನೀಲಿ ಚೌಕಳಿಯ ಒಂದು ಅಂಗಿ. ಕಾಲರು ಸವೆದಿತ್ತು, ಒಂದು ಗುಂಡಿಯನ್ನು ಕೆಂಪು ದಾರದಲ್ಲಿ ಹಚ್ಚಿದ್ದರು.

ಅಂಗಿ ಅವಳ ಗಂಡ ಮಾಳಪ್ಪನದು. ಮದುವೆಯಾಗಿ ಒಂದೂವರೆ ವರ್ಷಕ್ಕೆ ಗೋವಾಕ್ಕೆ ದುಡಿಯಲು ಹೋದವನು ಮರಳಲಿಲ್ಲ. ಜೊತೆಗೆ ಹೋದವರು ಬಂದು, ಮೊದಲ ಮಳೆಗಾಲದಲ್ಲೇ ಅಂವ ನಮ್ಮ ಗುಂಪು ಬಿಟ್ಟ, ಆಮೇಲೆ ಗೊತ್ತಿಲ್ಲ ಎಂದಿದ್ದರು. ಫೋನು ಸತ್ತು ನಾಲ್ಕು ವರ್ಷ. ಇದನ್ನೆಲ್ಲ ನನಗೆ ಹೇಳಿದ್ದು ಲಕ್ಕವ್ವ, ಮೊದಲ ಗುರುವಾರ, ಹಿತ್ತಲ ನಳದ ಹತ್ತಿರ. ಅಂದು ಅತ್ತೆ ಅಂಗಿಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕೂತು, "ಯಾರೂ ಬರ್ಲಿಲ್ಲ. ಮುಂದಿನ ವಾರ ಬರ್ರಿ" ಎಂದಿದ್ದಳು. ದ್ಯಾಮವ್ವ ನಿಟ್ಟುಸಿರು ಬಿಟ್ಟಿದ್ದಳು, ಸಮಾಧಾನದ್ದು. ಲಕ್ಕವ್ವ ನೀರು ಕುಡಿಯುವ ನೆವದಲ್ಲಿ ಎದ್ದು ಹಿತ್ತಲಿಗೆ ಬಂದಿದ್ದಳು.

"ಕೆರೂರ ಕಡೆ ಒಂದ ಮನಿ ಐತ್ರಿ ಅಕ್ಕಾರ," ಎಂದಳು. "ಹೆಂಡ್ತಿ ತೀರಕೊಂಡಾಳ. ಒಂದ ಹೆಣ್ಣ ಕೂಸೈತಿ. ಉಡಕಿ ಮಾಡ್ಕೊಳಾಕ ಒಪ್ಯಾರ. ಕಾರಹುಣ್ಣಿವಿ ತನಕಾ ಕಾಯ್ತೀವಿ, ಆಮ್ಯಾಲ ಬ್ಯಾರೆ ನೋಡ್ತೀವಿ ಅಂದಾರ."

ಉಡಕಿಯೆಂದರೆ ನಮ್ಮ ಕಡೆ ವಿಧವೆಯ ಮರುಮದುವೆ. ಹಲವು ಮನೆತನಗಳಲ್ಲಿ ಹಿಂದಿನಿಂದ ನಡೆದುಕೊಂಡು ಬಂದದ್ದು. ಆದರೆ ಗಂಡ ಸತ್ತಿರಬೇಕಲ್ಲ. ಜ್ಯೇಷ್ಠದ ಕಾರಹುಣ್ಣಿಮೆಯೂ ದೂರವಿರಲಿಲ್ಲ.

"ನಿಮ್ಮ ಬೀರಪ್ಪನ ಪೂಜಾರಿ ಹೇಳಂಗಿಲ್ಲೇನು?" ಎಂದು ಕೇಳಿದೆ.

"ಅಂವ ಬದುಕಿದಾವರ ಸುದ್ದಿ ಹೇಳ್ತಾನ. ಸತ್ತಾವರದು ನಮಗ ಬರಂಗಿಲ್ಲ, ಖಾಸೀಂಬಿ ಕಡೆ ಹೋಗ್ರಿ ಅಂದ." ಮುಖಕ್ಕೆ ನೀರು ಹಾಕಿಕೊಂಡು ಸೆರಗಿನಿಂದ ಒರೆಸಿಕೊಂಡಳು. "ಸತ್ತಾನಂತ ಬಂದ್ರ ನಾ ಅಳ್ತೇನ್ರಿ. ಖರೇನ ಅಳ್ತೇನಿ. ಆದ್ರ ಅತ್ತ ಮುಗಸ್ತೇನಿ. ಹಿಂಗ ದಿನಾ ಅಳೂದು ಸಾಕಾಗೇತಿ."

ಇಪ್ಪತ್ನಾಲ್ಕರ ಹುಡುಗಿ. ನನಗಿಂತ ಒಂದು ವರ್ಷ ಚಿಕ್ಕವಳು.

ನನ್ನ ಅಣ್ಣ ಇಮಾಮ ಲಾರಿ ಓಡಿಸುತ್ತಿದ್ದ. ಇಳಕಲ್ಲಿನ ಕೆಂಪು ಗ್ರಾನೈಟ್ ಹೇರಿಕೊಂಡು ಗೋವಾದ ಬಂದರದ ಕಡೆಗೆ ತಿಂಗಳಲ್ಲಿ ಎರಡು ಮೂರು ಸಲ ಹೋಗುವವನು. ಮಾಳಪ್ಪನ ಫೋಟೋ ಲಕ್ಕವ್ವನ ಫೋನಿನಲ್ಲಿತ್ತು. ಅದನ್ನು ಇಸಿದುಕೊಂಡು ಅಣ್ಣನಿಗೆ ಕಳಿಸಿದೆ. ಕನ್ನಡದವರು ದುಡಿಯುವ ಕಡೆ ತೋರಿಸಿ ನೋಡು ಎಂದೆ. ಯಾರಿಗೂ ಹೇಳಲಿಲ್ಲ. ಲಕ್ಕವ್ವನಿಗೂ ಸುಮ್ಮನೆ ಇರಲಿ ಎಂದಷ್ಟೇ ಹೇಳಿದ್ದೆ. ಏನೋ ದೊಡ್ಡ ಪತ್ತೇದಾರಳ ಹಾಗೆ ಒಳಗೊಳಗೇ ಹಿಗ್ಗಿದ್ದೆ.

ಎರಡನೆಯ ಗುರುವಾರವೂ ಯಾರೂ ಬರಲಿಲ್ಲ. ಮರಳುವಾಗ ದ್ಯಾಮವ್ವ, ಲಕ್ಕವ್ವ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಬ್ಬಳಿಗೆ ಬದುಕಿರಬೇಕು, ಇನ್ನೊಬ್ಬಳಿಗೆ ಸತ್ತಿರಬೇಕು. ನಾಲ್ಕು ವರ್ಷದಿಂದ ಒಂದೇ ಒಲೆಯ ರೊಟ್ಟಿ ತಿಂದವರು. ಹನಮಪ್ಪ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಇನ್ನೊಂದ ವಾರ ಅಷ್ಟ," ಎಂದ. ಯಾರಿಗೆ ಹೇಳಿದನೋ.

ಮಂಗಳವಾರ ಮಧ್ಯಾಹ್ನ ಅಣ್ಣನ ಫೋನು ಬಂತು. ಹಿತ್ತಲಿನಲ್ಲಿ ಗಾದಿಯ ಬಟ್ಟೆ ಒಣಹಾಕುತ್ತಿದ್ದೆ.

"ಸಿಕ್ಕಾನವಾ," ಎಂದ. "ವಾಸ್ಕೋದಾಗ ಚಹಾದ ಅಂಗಡ್ಯಾಗ. ಮೊದಲ ಅಲ್ಲ ಅಂದ. ಆಮ್ಯಾಲೆ ಹೌದು ಅಂದ. ಒಬ್ಬಾಕಿ ಅದಾಳ ಜೋಡಿ, ಒಂದ ಕೂಸೂ ಐತಿ. ಕೈ ಮುಗದಾನ ನನಗ. ಊರಾಗ ಹೇಳಬ್ಯಾಡ, ಸತ್ತಾನಂತ ತಿಳ್ಕೊಳ್ರಿ ಅಂದಾನ."

ಸಿಟ್ಟು ಬಂತು. ಆಮೇಲೆ ಹೆದರಿಕೆಯಾಯಿತು. ಈಗ ಇದು ನನ್ನೊಬ್ಬಳ ಹತ್ತಿರ ಇತ್ತು. ಹೇಳಿದರೆ ಮನೆಯವರು ಹೋಗಿ ಅವನನ್ನು ಎಳೆದು ತರಬಹುದು. ಬಂದರೆ ಅವಳನ್ನೂ ಕೂಸನ್ನೂ ಕಟ್ಟಿಕೊಂಡೇ ಬರುತ್ತಾನೆ. ಲಕ್ಕವ್ವ ಮೂಲೆಯಲ್ಲಿ ರೊಟ್ಟಿ ಬಡಿಯುತ್ತ ಮುದುಕಿಯಾಗುತ್ತಾಳೆ. ಬಾರದಿದ್ದರೆ ಅದೇ ಅಂಗಿ, ಅದೇ ಕಾಯುವುದು. ಹೇಳದಿದ್ದರೆ? ಗುರುವಾರ ಅತ್ತೆ ಯಾರೂ ಬರಲಿಲ್ಲ ಎನ್ನುತ್ತಾಳೆ, ಅಂಗಿ ವಾಪಸು, ಉಡಕಿ ಮುರಿಯುತ್ತದೆ. ಒಂದೇ ದಾರಿ ಕಂಡಿತು. ಹೇಗೂ ಅತ್ತೆಯದು ಆಟ. ಒಂದು ಸಲ ಒಳ್ಳೆಯದಕ್ಕೆ ಆಡಲಿ.

ಬುಧವಾರ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಅತ್ತೆ ಹತ್ತಿಯ ರಾಶಿಯ ಪಕ್ಕ ಕೂತಿದ್ದಾಗ ಎಲ್ಲ ಹೇಳಿದೆ. ವಾಸ್ಕೋ, ಚಹಾದಂಗಡಿ, ಆ ಹೆಂಗಸು, ಕೂಸು. ಹೇಳಿ, "ನಾಳಿ ನೀವು ಅಂವ ಬಂದಾನಂತ ಹೇಳಿಬಿಡ್ರಿ ಅತ್ತಿ. ಅಷ್ಟ. ಆ ಹುಡುಗಿ ಬಾಳೇ ಹಸನಾಗ್ತೈತಿ," ಎಂದೆ.

ಅತ್ತೆ ನನ್ನ ಮುಖ ನೋಡುತ್ತಲೇ ಇದ್ದಳು. ಬೈಯುತ್ತಾಳೆಂದುಕೊಂಡೆ.

"ನನಗ್ಯಾಕ ಹೇಳಿದಿ?"

"ಮತ್ತ ಯಾರಿಗಿ ಹೇಳ್ಲಿ ಅತ್ತಿ?"

"ಯಾರಿಗರ ಹೇಳ್ಬೇಕಿತ್ತು. ಆಕಿಗಿ ಹೇಳ್ಬೇಕಿತ್ತು. ಪೋಲೀಸರಿಗಿ ಹೇಳ್ಬೇಕಿತ್ತು. ನನ್ನೊಬ್ಬಾಕಿನ್ನ ಬಿಟ್ಟ." ಕೈಯಲ್ಲಿದ್ದ ಹತ್ತಿಯನ್ನು ಕೆಳಗೆ ಹಾಕಿದಳು. "ಇಪ್ಪತ್ತೆರಡ ವರ್ಷಾತು ಕುಂದರಾಕತ್ತು. ಒಬ್ಬರ ಸುದ್ದಿ ಕೇಳಿ ಕುಂತಾಕಿ ಅಲ್ಲ ನಾ. ಈಗ ನಾಳಿ ಆ ಅಂಗಿ ತೊಡಿ ಮ್ಯಾಲೆ ಇಟ್ರ ನಾ ಏನ್ ಕೇಳ್ಲಿ? ನಿನ್ನ ಮಾತ ಕೇಳ್ತೈತಿ ನನಗ, ವಾಸ್ಕೋ ವಾಸ್ಕೋ ಅಂತ."

ನನಗೆ ಆಗ ಅರ್ಥವಾಯಿತು. ಅವಳದು ಆಟವೋ ಅಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಅವಳು ಬೇಕೆಂದೇ ಆಡುತ್ತಿರಲಿಲ್ಲ. ಅವಳ ಪಾಲಿಗೆ ಅದು ನಿಜವಾಗಲು ಬೇಕಾಗಿದ್ದುದು ಒಂದೇ, ಅವಳಿಗೆ ಏನೂ ಗೊತ್ತಿರಬಾರದು. ಅದನ್ನೇ ನಾನು ಕೆಡಿಸಿದ್ದೆ. ಸಂಜೆಯ ಚಹಾ ಇಟ್ಟಲ್ಲೇ ಆರಿತು. ರಾತ್ರಿ ಊಟಕ್ಕೂ ಅವಳು ಏಳಲಿಲ್ಲ. ಏನಾಯಿತು ಎಂದು ರಫೀಕ ಕೇಳಿದ. ತಲೆ ನೋವಂತೆ ಎಂದೆ.

ಗುರುವಾರ ಬೆಳಿಗ್ಗೆಯಿಂದಲೇ ಸೆಕೆ. ಗಾಳಿ ನಿಂತುಬಿಟ್ಟಿತ್ತು. ಪಶ್ಚಿಮಕ್ಕೆ ಮೋಡ ಕಪ್ಪಗಾಗುತ್ತಿತ್ತು, ಹನಿ ಬೀಳಲೊಲ್ಲದು. ಮಧ್ಯಾಹ್ನ ಎಂದಿಗಿಂತ ಹೆಚ್ಚು ಜನ ಸೇರಿದರು. ಮೂರನೆಯ ವಾರವೆಂಬ ಸುದ್ದಿ ಹೇಗೋ ಹಬ್ಬಿತ್ತು. ಅತ್ತೆ ಕೂರುವುದೇ ಇಲ್ಲವೇನೋ ಎಂದು ಹೆದರಿದ್ದೆ. ಬಂದು ಕೂತಳು. ಸೆರಗು ಎಳೆದುಕೊಳ್ಳುವ ಮೊದಲು ಒಂದು ಸಲ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ಓದಲಾಗಲಿಲ್ಲ. ಹೇಳುತ್ತಾಳೋ, ಹೇಳುವುದಿಲ್ಲವೋ.

ಲಕ್ಕವ್ವನ ಕೈಯಿಂದ ಅಂಗಿ ಇಸಿದುಕೊಂಡೆ. ಅವಳು ಅದನ್ನು ಒಗೆದು ಇಸ್ತ್ರಿ ಮಾಡಿಸಿ ತಂದಿದ್ದಳು. ಯಾಕೆಂದು ಕೇಳಬೇಕೆನಿಸಿತು, ಕೇಳುವ ಹಾಗಿರಲಿಲ್ಲ. ಅತ್ತೆಯ ತೊಡೆಯ ಮೇಲಿಟ್ಟೆ. ಯಾವಾಗಲೂ ಅವಳ ಬೆರಳು ಬಟ್ಟೆಯ ಮೇಲೆ ಓಡಾಡುತ್ತಿದ್ದವು, ಹತ್ತಿಯ ಎಳೆ ನೋಡುವವರ ಹಾಗೆ. ಅಂದು ಮುಷ್ಟಿ ಬಿಚ್ಚಲಿಲ್ಲ. ಕರೆಂಟು ಹೋಯಿತು. ಫ್ಯಾನು ತಿರುಗಿ ತಿರುಗಿ ನಿಂತಿತು. ಲೋಬಾನದ ಹೊಗೆ ಎತ್ತಲೂ ಹೋಗದೆ ಪಡಸಾಲೆಯಲ್ಲಿ ತುಂಬಿಕೊಂಡಿತು. ಯಾರದೋ ಕೂಸು ಕೆಮ್ಮಿತು, ತಾಯಿ ಮೊಲೆಗೆ ಹಾಕಿಕೊಂಡಳು. ಹೆದರಿಕೆಯಾದಾಗ ಎಣಿಸುವುದು ನನ್ನ ಚಾಳಿ. ತಗಡಿನ ಏಣುಗಳನ್ನು ಎಣಿಸಿದೆ, ಬಾಗಿಲಿಂದ ಗೋಡೆಯವರೆಗೆ, ಗೋಡೆಯಿಂದ ಬಾಗಿಲವರೆಗೆ. ದ್ಯಾಮವ್ವನ ತುಟಿ ಅಲ್ಲಾಡುತ್ತಿದ್ದವು. ಬೀರಪ್ಪನನ್ನೇ ಕರೆಯುತ್ತಿದ್ದಳು.

ಕೊನೆಗೆ ಅತ್ತೆ ಸೆರಗು ಸರಿಸಿದಳು. ಮುಖ ಪೂರ್ತಿ ಬೆವೆತಿತ್ತು.

"ಯಾರೂ ಬರ್ಲಿಲ್ಲ," ಎಂದಳು. ಅಂಗಿ ಮಡಿಚಿ ಮುಂದೆ ಚಾಚಿದಳು.

ದ್ಯಾಮವ್ವ ಅಂಗಿ ಕಸಿದುಕೊಂಡು ಎದೆಗೊತ್ತಿಕೊಂಡಳು. "ನನ್ನ ಮಗಾ ಅದಾನ! ಯಪ್ಪಾ ಬೀರಪ್ಪಾ, ಕೈ ಬಿಡ್ಲಿಲ್ಲ ನೀ! ಅದಾನ ನನ್ನ ಮಗಾ!" ಅತ್ತೆಯ ಕಾಲಿಗೆ ಬೀಳಲು ಹೋದಳು, ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡಳು. ಹೆಂಗಸರು ಕಣ್ಣೊರೆಸಿಕೊಂಡರು. ಲಕ್ಕವ್ವ ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಗಿಯಾಗಿ, ಬೆರಳ ತುದಿ ಬೆಳ್ಳಗಾಗುವವರೆಗೆ. ಹೊಸ್ತಿಲ ಹೊರಗೆ ಹನಮಪ್ಪ ಫೋನು ತೆಗೆದ. "ಹಂಗಾದ್ರ ಕೆರೂರಾವರಿಗಿ ಇಲ್ಲಂತ ಹೇಳಿಬಿಡ್ತೇನಿ," ಎಂದ.

"ತಡೀರಿ," ಎಂದೆ.

ಬಾಗಿಲಲ್ಲಿ ನಿಂತವಳು ಬಾಯಿ ಬಿಡಬಾರದು. ಎಲ್ಲರೂ ನನ್ನ ಕಡೆ ತಿರುಗಿದರು. ಅತ್ತೆ ಒಬ್ಬಳೇ ತಿರುಗಲಿಲ್ಲ. ನನ್ನ ದನಿ ನನಗೇ ಬೇರೆಯವರದೆನಿಸಿತು. "ಅಂವ ಬದುಕ್ಯಾನ. ನಮ್ಮಣ್ಣ ನೋಡ್ಯಾನ. ವಾಸ್ಕೋದಾಗ ಅದಾನ. ಇನ್ನೊಬ್ಬಾಕಿನ್ನ ಮಾಡ್ಕೊಂಡಾನ."

ದ್ಯಾಮವ್ವ ಅಂಗಿ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು.

"ನೀ ನೋಡೀ ಏನು?"

"ಅಣ್ಣ ಫೋಟೋ ತೋರ್ಸಿ ಕೇಳ್ಯಾನ ಯವ್ವಾ. ನಾನ ಮಾಳಪ್ಪ ಅಂದಾನ."

"ಮತ್ತೇನಂದ?"

ಹೇಳಬಾರದಿತ್ತೇನೋ. ಆದರೆ ಅರ್ಧಕ್ಕೆ ಬಿಡುವ ಧೈರ್ಯ ಇರಲಿಲ್ಲ. "ಸತ್ತಾನಂತ ತಿಳ್ಕೊಳ್ರಿ ಅಂದಾನ."

"ಕೂಸು ಗಂಡೋ ಹೆಣ್ಣೋ?"

ಕೂಸಿನ ಸುದ್ದಿಯನ್ನೇ ನಾನು ಹೇಳಿರಲಿಲ್ಲ. ನಾಲ್ಕು ವರ್ಷದ ಲೆಕ್ಕ ಅವಳೇ ಹಾಕಿಕೊಂಡಿದ್ದಳು. ಅಣ್ಣ ಅದನ್ನೂ ಹೇಳಿದ್ದ. "ಗಂಡು," ಎಂದೆ.

ದ್ಯಾಮವ್ವ ಅಲ್ಲೇ ಚಾಪೆಯ ಮೇಲೆ ಕೂತಳು. ಹೊರಗೆ ಗಾಳಿ ಎದ್ದಿತ್ತು, ತಗಡು ಬಡಿದುಕೊಳ್ಳತೊಡಗಿತು. ಅಂಗಿಯನ್ನು ಬಿಚ್ಚಿದಳು, ಮತ್ತೆ ಮಡಿಚಿದಳು. ಆಮೇಲೆ ಮೊಣಕಾಲ ಮೇಲೆ ಸರಿಯುತ್ತ ಹೋಗಿ ಅದನ್ನು ಅತ್ತೆಯ ತೊಡೆಯ ಮೇಲೆ ಇಟ್ಟಳು.

"ಇಟ್ಕೋ ಯವ್ವಾ. ಹೊಲದ ಹಾಕು."

"ಬದುಕಿದಾವನ ಅಂಗಿ ನಾ ಹೊಲ್ಯಾಂಗಿಲ್ಲ ದ್ಯಾಮವ್ವಾ."

"ಹಡದಾಕಿ ಹೇಳಾಕತ್ತೀನಿ. ತನ್ನ ಬಾಯಿಲೆ ಸತ್ತೇನಿ ಅಂದಾನ. ಇಲ್ಲಿ ಇಷ್ಟ ಮಂದಿ ಮುಂದ ನಾನೂ ಹೇಳ್ತೇನಿ, ನನ್ನ ಮಗಾ ಸತ್ತಾ." ಲಕ್ಕವ್ವನ ಕಡೆ ತಿರುಗಿದಳು. "ಹೋಗು ನನ್ನವ್ವಾ. ಹೋಗಿ ಸುಖಾ ಬಾಳು. ನಾ ತಡ್ಯಾಂಗಿಲ್ಲ."

ಆಗ ಲಕ್ಕವ್ವ ಅತ್ತಳು. ದ್ಯಾಮವ್ವನ ಕೊರಳಿಗೆ ಬಿದ್ದು ಕೂಗಿ ಕೂಗಿ ಅತ್ತಳು. ಗಂಡನಿಗಾಗಿ ಅಲ್ಲ, ಅದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ನಾಲ್ಕು ವರ್ಷ ಅವಳ ಜೊತೆ ಉಂಡು ಮಲಗಿದ್ದು ಈ ಮುದುಕಿ. ಚಹಾ ಕೊಡುವುದನ್ನು ಅಂದು ಎಲ್ಲರೂ ಮರೆತೆವು.

ಕಾಯಿದೆ ಏನು ಹೇಳುತ್ತದೆಂದು ನನಗೆ ಗೊತ್ತಿತ್ತು. ಬದುಕಿರುವ ಗಂಡನಿಂದ ಬಿಡುಗಡೆಗೆ ಕೋರ್ಟಿದೆ, ಕಾಗದವಿದೆ. ಆ ಪಡಸಾಲೆಯಲ್ಲಿ ಯಾರೂ ಅದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರ ಊರ ಹಿರಿಯರು ತಾಯಿಯ ಮಾತೇ ಮಾತು ಎಂದರಂತೆ. ಕೆರೂರಿನವರಿಗೆ ಹನಮಪ್ಪ ಇದ್ದದ್ದು ಇದ್ದ ಹಾಗೆ ಹೇಳಿದ, ಅವರು ಒಂದು ದಿನ ಯೋಚಿಸಿ ಒಪ್ಪಿದರು. ಕಾರಹುಣ್ಣಿಮೆಗೆ ನಾಲ್ಕು ದಿನ ಇರುವಾಗ ನಾಲ್ಕು ಜನರ ಮುಂದೆ ಉಡಕಿಯಾಯಿತು. ಗಾದಿ ನಮ್ಮ ಮನೆಯದೇ. ಅತ್ತೆ ತಾನೇ ಕೂತು, ಹೊಸ ಹತ್ತಿ ಹಾಕಿ, ನಾಲ್ಕೂ ಅಂಚು ತಾನೇ ಹೊಲಿದಳು.

ಆದರೆ ಅವಳು ಮತ್ತೆ ಕೂರಲಿಲ್ಲ. ಆ ಗುರುವಾರ ಎಲ್ಲರೂ ಹೋದ ಮೇಲೆ ನಾನು ಕ್ಷಮೆ ಕೇಳಲು ಹೋಗಿದ್ದೆ. ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಅತ್ತೆ ಇನ್ನೂ ಕೌದಿಯ ಮೇಲೆಯೇ ಇದ್ದಳು, ಕತ್ತರಿಸದ ಅಂಗಿ ತೊಡೆಯ ಮೇಲೆ.

"ಯಾರೂ ಬರ್ಲಿಲ್ಲೋ, ನಾನ ಬಾಗಲಾ ಹಾಕ್ಕೊಂಡ ಕುಂತಿದ್ನೋ, ನನಗ ತಿಳೀಲಿಲ್ಲ ಶಾಹೀನಾ," ಎಂದಳು. "ಇನ್ನ ಮ್ಯಾಲೂ ತಿಳ್ಯಾಂಗಿಲ್ಲ. ತಿಳೀದ ಕುಂತ್ರ ಮಂದಿಗಿ ಮ್ವಾಸ ಮಾಡಿದಂಗ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಇಪ್ಪತ್ತೆರಡು ವರ್ಷ ಮಸೀದಿಯ ಹಿರಿಯರಿಂದ ಆಗದ್ದನ್ನು ನಾನು ಒಂದು ಸಂಜೆಯಲ್ಲಿ ಮಾಡಿ ಮುಗಿಸಿದ್ದೆ. ಮಸೀದಿಯವರಿಗೆ ಸಮಾಧಾನವಾಯಿತು. ಮಾವನವರು ಗುರುವಾರ ಮನೆಯಲ್ಲೇ ಇರತೊಡಗಿದರು. ನನಗೆ ನಾಚಿಕೆಯಾಗುತ್ತಿತ್ತು. ಇಂದಿಗೂ ಆಗುತ್ತದೆ.

ಹೆಂಗಸರು ಒಂದಷ್ಟು ವಾರ ಬರುತ್ತಲೇ ಇದ್ದರು. ಅತ್ತೆ ಸೆರಗು ಎಳೆದುಕೊಳ್ಳದೆ ಅವರ ನಡುವೆಯೇ ಕೂರುತ್ತಿದ್ದಳು. "ನೀವ ಮಾತಾಡ್ರಿ, ನಾ ಕೇಳ್ತೇನಿ," ಎನ್ನುತ್ತಿದ್ದಳು. ಅವರು ತಮ್ಮ ಸತ್ತವರ ಸುದ್ದಿ ತಾವೇ ಹೇಳಿಕೊಂಡು, ಚಹಾ ಕುಡಿದು ಹೋಗುತ್ತಿದ್ದರು. ನಿಧಾನಕ್ಕೆ ಕಡಿಮೆಯಾದರು. ಆಷಾಢದ ಹೊತ್ತಿಗೆ ಬರುವವಳು ದ್ಯಾಮವ್ವ ಒಬ್ಬಳೇ ಉಳಿದಳು. ಹಿರಿಯ ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ ಅವಳದು. ಆದರೂ ಗುರುವಾರ ಬಸ್ಸು ಹತ್ತಿ ಬರುತ್ತಿದ್ದಳು. ಅತ್ತೆಯ ಹತ್ತಿರ ಸುಮ್ಮನೆ ಕೂತು ಹತ್ತಿಯ ಕಸ ಆರಿಸುತ್ತಿದ್ದಳು.

ಒಂದು ದಿನ ಹೊರಟವಳು ಬಾಗಿಲಲ್ಲಿ ನನ್ನ ಕೈ ಹಿಡಿದಳು. ಅತ್ತೆಗೆ ಕೇಳಿಸದ ಹಾಗೆ ಕೇಳಿದಳು.

"ತಂಗೀ, ನಿಮ್ಮಣ್ಣ ಮತ್ತ ಆ ಕಡೆ ಹೋಗ್ತಾನೇನು?"

"ಹೋಗ್ತಾನ ಯವ್ವಾ."

"ಹೋದ್ರ ಒಂದ ಕಣ್ಣ ಹಾಕಿ ಬರಾಕ ಹೇಳು. ಉಂಡಾನೋ, ಇಲ್ಲೋ. ಮೈಯಾಗ ಆರಾಮ ಅದಾನೋ ಇಲ್ಲೋ. ನಾ ಕೇಳೇನಂತ ಹೇಳಬ್ಯಾಡ ಮತ್ತ. ನನಗ ಅಂವ ಸತ್ತಾನ."

ಅಣ್ಣ ಹೋದ. ಚಹಾದಂಗಡಿಯಲ್ಲಿ ಬೇರೆ ಯಾರೋ ಇದ್ದರು. ಮಾಳಪ್ಪ ಹೆಂಡತಿ ಕೂಸು ಕಟ್ಟಿಕೊಂಡು ಆ ಜಾಗ ಬಿಟ್ಟು ತಿಂಗಳಾಯಿತು, ಎತ್ತ ಹೋದನೋ ಗೊತ್ತಿಲ್ಲ ಎಂದರಂತೆ. ಬಹುಶಃ ನನ್ನ ಅಣ್ಣನ ಹೆದರಿಕೆಗೇ ಹೋಗಿರಬೇಕು.

ಮುಂದಿನ ಗುರುವಾರ ದ್ಯಾಮವ್ವ ಬಂದಳು. ಛತ್ರಿ ಮಡಿಚಿ ಮೂಲೆಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಏನೂ ಕೇಳದೆ ನನ್ನ ಮುಖ ನೋಡಿದಳು. ಅತ್ತೆ ಎರಡು ಮೊಳ ದೂರದಲ್ಲಿ ಗಾದಿ ಹೊಲಿಯುತ್ತಿದ್ದಳು. ನಿಜ ಹೇಳಲು ಬಾಯಿ ತೆರೆದೆ. ಹೇಳಿದ್ದು ಬೇರೆ.

"ಆರಾಮ ಅದಾನಂತ ಯವ್ವಾ. ಮೈಕೈ ತುಂಬ್ಕೊಂಡಾನಂತ. ಕೂಸು ಅಂಗಡಿ ಮುಂದ ಓಡ್ಯಾಡಾಕತ್ತೈತಂತ."

"ಓಡ್ಯಾಡಾಕತ್ತೈತಾ?" ಎಂದಳು. ಬೇರೇನೂ ಕೇಳಲಿಲ್ಲ. ಅಂದು ಅವಳು ಮೊದಲ ಸಲ ಎರಡು ಕಪ್ಪು ಚಹಾ ಕುಡಿದಳು. ಅಡುಗೆಮನೆಯಲ್ಲಿದ್ದ ಬೆಲ್ಲವನ್ನು ತಾನೇ ಕೇಳಿ ಇಸಿದುಕೊಂಡು ತಿಂದಳು. ಬಸ್ಸಿಗೆ ಹೊತ್ತಾಯಿತೆಂದು ಮಳೆಯಲ್ಲೇ ಹೊರಟಳು.

ಕಪ್ಪು ತೆಗೆದುಕೊಳ್ಳುವ ನೆವದಲ್ಲಿ ನಾನು ಬಗ್ಗಿದೆ. ಮಾಳಪ್ಪ ಜಾಗ ಬಿಟ್ಟ ಸುದ್ದಿ ಹೇಳಲು ಅಣ್ಣ ಫೋನು ಮಾಡಿದಾಗ ಅತ್ತೆ ಪಕ್ಕದಲ್ಲೇ ಇದ್ದಳು, ಅವಳಿಗೆ ಎಲ್ಲ ಗೊತ್ತಿತ್ತು. ದಬ್ಬಣದ ಕಣ್ಣಿಗೆ ದಾರ ಹಾಕುತ್ತ, ತಲೆ ಎತ್ತದೆ ಹೇಳಿದಳು:

"ಮುಂದಿನ ಗುರುವಾರ ಮತ್ತ ಬರ್ತಾಳ. ಇವತ್ತ ಏನೇನ್ ಹೇಳೀದಿ, ಮರೀಬ್ಯಾಡ."